ಹುಮನಾಬಾದ ಕ್ರಾಸಿನಲ್ಲಿ ನಿಲ್ಲದ ಗಾಡಿ

‘ಹುಮನಾಬಾದ ಕ್ರಾಸಿನ್ಯಾಗ ಗಾಡಿ ನಿಲ್ಲಸ್ತೇನಿ, ಮಗಳ ಮಾರಿ ತೋರಸ್ತೇನಿ.’ ಆಂಬುಲೆನ್ಸ್ ನರ್ಸ್ ರಾಬಿಯಾ ಏಳು ವರ್ಷದ ಹಿಂದೆ ಮೋರಖಂಡಿಯ ಸೋನುಬಾಯಿಗೆ ಕೊಟ್ಟ ಮಾತಿದು.

ಈಗ ಬೆಳಕು ಹರಿಯುತ್ತಿದೆ. ಬಸವಕಲ್ಯಾಣದ ಖಾಸಗಿ ಆಸ್ಪತ್ರೆಯೊಂದರ ಅಂಗಳದಲ್ಲಿ ರಾಬಿಯಾ ಸ್ಟ್ರೆಚರಿನ ಪಟ್ಟಿ ಜಗ್ಗಿ ನೋಡುತ್ತಿದ್ದಾರೆ.

‘ಆಪಾ, ಅದು ನಿನ್ನೆನೂ ಗಟ್ಟಿ ಇತ್ತು. ಹರಿಯೂತನಕ ಜಗ್ಗತೀರೇನು?’ ಚಾಲಕ ಜಲಾಲುದ್ದೀನ್ ಛೇಡಿಸುತ್ತಾರೆ.

‘ನೀ ತಗ್ಗು ತಪ್ಪಿಸಿ ಹೊಡದ್ರ ನಾ ಯಾಕ ಜಗ್ಗಲಿ?’

ಹೃದಯ ರೋಗಿಗಳನ್ನು ಹೈದರಾಬಾದಿಗೆ ಮುಟ್ಟಿಸುವುದು ಇವರಿಬ್ಬರ ಕೆಲಸ. ಬದುಕಿ ಬಂದವರಿಗೆ ಡಾಕ್ಟರ ಹೆಸರು ನೆನಪಿರುತ್ತದೆ; ದಾರಿಯುದ್ದ ಕೈ ಹಿಡಿದು ಕೂತವರದು ಇರುವುದಿಲ್ಲ.

ಸೋನುಬಾಯಿಗೆ ಬೈಪಾಸ್ ಆಗಬೇಕಿತ್ತು. ಅದಕ್ಕೂ ಮುಂಚಿನ ಆಂಜಿಯೋಗ್ರಾಮಿನಲ್ಲಿ, ಹೃದಯದಿಂದ ಹೊರಡುವ ಮಹಾಧಮನಿಯ ಒಳಪದರವನ್ನು, ರಕ್ತನಾಳದೊಳಗೆ ತೂರಿಸಿದ ನಳಿಕೆಯ ತುದಿ ಸೀಳಿತು. ಅಪರೂಪಕ್ಕೆ ಆಗುವ ಅವಘಡ. ಡಾಕ್ಟರು ಮುಚ್ಚಿಡಲಿಲ್ಲ. ರಕ್ತ ತೆಳುವಾಗಿಸುವ ಔಷಧ ನಿಲ್ಲಿಸಿ, ಬಿ.ಪಿ., ನಾಡಿ ಇಳಿಸುವ ಡ್ರಿಪ್ ಹಚ್ಚಿದರು. ಸೀಳು ಬೆಳೆಯುವ ಮೊದಲೇ ಹೈದರಾಬಾದ ಸೇರಬೇಕು. ಬಿ.ಪಿ. ಏರದಂತೆ ರೋಗಿ ಏಳಬಾರದು, ಅಳಬಾರದು. ಆದರೆ ಹುಮನಾಬಾದಕ್ಕೆ ಕೊಟ್ಟ ಮಗಳು ಮಯೂರಿಯನ್ನು ನೋಡದೆ ಹೊರಡುವುದಿಲ್ಲವೆಂದು ಸೋನುಬಾಯಿ ಹಟ ಹಿಡಿದರು. ರಾಬಿಯಾ ಮಾತು ಕೊಟ್ಟರು. ಮಯೂರಿಗೆ ಫೋನು ಮಾಡಿ ಕ್ರಾಸಿಗೆ ಕರೆದರು.

‘ಒಬ್ಬಾಕಿನ ಬಾ ಅಂದಿದ್ದೆರಿ,’ ರಾಬಿಯಾ ನೆನೆಯುತ್ತಾರೆ. ‘ಅಲ್ಲಿ ನೋಡಿದ್ರ ಬೀಗರು, ಓಣಿ ಮಂದಿ, ಎಲ್ಲಾ ನಿಂತಾರ. ನಮ್ಮ ಕಡಿ ಹಂಗೇ ಅಲ್ರಿ, ದವಾಖಾನಿಗೆ ಹೊಂಟವರನ್ನ ಎಬ್ಬಿಸಿ ಕೂಡಿಸಿ ಕೊರಳಿಗೆ ಬಿದ್ದು ಅಳತಾರ. ಬಾಗಲಾ ತೆಗದಿದ್ರ ಆಕಿ ಎದ್ದೇ ಬಿಡತಿದ್ಲು. ಜಲಾಲ್, ನಡಿ ಅಂದೆ.’

ಸ್ಟ್ರೆಚರಿನಲ್ಲಿ ಮಲಗಿದವರಿಗೆ ಹೊರಗಿನ ದಾರಿ ಕಾಣುವುದಿಲ್ಲ. ‘ಹುಮನಾಬಾದ ಬಂತೇನ ತಾಯಿ?’ ಸೋನುಬಾಯಿ ಕೇಳುತ್ತಲೇ ಇದ್ದರು. ‘ಇನ್ನೂ ದೂರ ಅದ, ಕಣ್ಣು ಮುಚ್ಚರಿ,’ ಎನ್ನುತ್ತಲೇ ಇದ್ದರು ರಾಬಿಯಾ.

ಬಿ.ಪಿ. ಏರಲಿಲ್ಲ. ಹೈದರಾಬಾದಿನ ಸರ್ಜನ್ನರು ಸೀಳಿದ ಭಾಗ ತೆಗೆದು ಕೃತಕ ನಾಳ ಜೋಡಿಸಿದರು, ಬೈಪಾಸನ್ನೂ ಮಾಡಿದರು. ಗಾಡಿಯ ಹಿಂದೆಯೇ ಬಸ್ಸು ಹತ್ತಿ ಹೊರಟ ಮಯೂರಿ ತಲುಪುವಷ್ಟರಲ್ಲಿ ಅವ್ವನನ್ನು ಥಿಯೇಟರಿಗೆ ಒಯ್ದಾಗಿತ್ತು. ಸೋನುಬಾಯಿಗೆ ಮತ್ತೆ ಎಚ್ಚರವಾಗಲಿಲ್ಲ.

‘ನೀ ಮಾಡಿದ್ದು ಬರೋಬರಿ ಅದ ಅಂದ್ರು ಡಾಕ್ಟರು. ಇರಬಹುದ್ರಿ. ಆದ್ರ ಆಕಿ, ಹುಮನಾಬಾದ ಇನ್ನೂ ಬಂದಿಲ್ಲ ಅಂತ ತಿಳಕೊಂಡೇ ಹೋದ್ಲು.’

ಈಗ ರಾಬಿಯಾ ರೋಗಿಯ ಮನೆಯವರನ್ನು ಹೊರಡುವ ಮೊದಲೇ ವಾರ್ಡಿಗೆ ಕರೆಸಿ, ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಾರೆ. ದಾರಿಯಲ್ಲಿ ಗಾಡಿ ನಿಲ್ಲಿಸುವ ಮಾತು ಯಾರಿಗೂ ಕೊಡುವುದಿಲ್ಲ. ಮಯೂರಿ ಒಮ್ಮೆ ಎದುರು ಕೂತು ಬೈದರೂ ಸಾಕು ಅನ್ನುವುದೊಂದೇ ಅವರ ಆಸೆ.

ಸೋನುಬಾಯಿಗೆ ಕೊಟ್ಟ ಮಾತು ನಡೆಯಲಿಲ್ಲ.