ಅಟ್ಟದ ತೊಲೆಗೆ ಎರಡು ಡ್ರಿಲ್ಲು

ಅಟ್ಟದ ತೊಲೆ ಬಿರುಕು ಬಿಟ್ಟಿದ್ದನ್ನು ಮೊದಲು ಕಂಡವನು ನಾನು. ಹೆಚ್ಚುಗಾರಿಕೆಯೇನಲ್ಲ, ಬಿರುಕಿಲ್ಲದ ಕಡೆಯೂ ಬಿರುಕು ಕಾಣುವ ಕಣ್ಣು ನನ್ನದು. ಆದರೆ ಈ ಸಲ ಅಣ್ಣನೂ ಏಣಿ ಹತ್ತಿ, ಸಂದಿನಲ್ಲಿ ಬೆರಳು ತೂರಿಸಿ ನೋಡಿ, ಹೌದೆನ್ನುವಂತೆ ತಲೆಯಾಡಿಸಿ ಇಳಿದ. ಮೇಲೆ ಉಂಡೆ ಕೊಬ್ಬರಿಗೆಂದು ಒಂಬತ್ತು ತಿಂಗಳಿಂದ ಒಣಗುತ್ತಿದ್ದ ಸಾವಿರಾರು ತೆಂಗಿನಕಾಯಿ.

"ಇಳಿಸಿಬಿಡೋಣ ಅಣ್ಣಾ."

"ಈಗ ಎತ್ತಿ ಹಾಕಿದ್ರೆ ಒಳಗೆ ಕೊಬ್ಬರಿ ಒಡೆದು ಹೋಯ್ತದೆ ಕಣ್ಲಾ. ಉಂಡೆ ಸಿಗಲ್ಲ, ಚೂರು ಸಿಗ್ತದೆ."

ನಮ್ಮ ಸೀಮೆಯಲ್ಲಿ ಮನೆ ಅಲುಗಿದರೂ ಅಟ್ಟದ ಕಾಯಿ ಅಲುಗಬಾರದು. ಹಾಗಾಗಿ ತೊಲೆಯ ಎರಡೂ ಪಕ್ಕ ಕಬ್ಬಿಣದ ಪಟ್ಟಿ ಕಟ್ಟಿ ನಾಲ್ಕು ಬೋಲ್ಟು ಹಾಕುವುದೆಂದಾಯಿತು. ಬಿರುಕಿನ ಕೆಳಗೆ ಕಂಬವೊಂದರ ಆಸರೆ ಕೊಟ್ಟು, ಅದು ಜಾರದಂತೆ ಅಣ್ಣ ತಬ್ಬಿ ನಿಂತ. ತೊಲೆ ಮುರಿದರೆ ಅಷ್ಟೂ ಕಾಯಿ ಅವನ ತಲೆಯ ಮೇಲೆ.

ನಾನು ಏಣಿ ಹತ್ತಿದೆ. ನನ್ನ ಬ್ಯಾಟರಿ ಡ್ರಿಲ್ಲು ಹೊಸದು, ಹಗುರ, ಮೂತಿಯಲ್ಲಿ ಲೈಟು ಬೇರೆ. ಎರಡು ತೂತು ಕೊರೆಯಿತು. ಬೋಲ್ಟು ತೂರಿಸಿದೆ, ನಾಲ್ಕೂ ಆದಮೇಲೆ ಒಟ್ಟಿಗೆ ಬಿಗಿದರಾಯಿತೆಂದು ಬಿಟ್ಟೆ. ಮೂರನೆಯದು ಅರ್ಧಕ್ಕೆ ಬಂದಾಗ ಕೆಂಪು ದೀಪ ಮಿಟುಕಿಸಿ ನಿಂತಿತು.

"ಬಿಸಿಯಾಗಿದೆ, ಆರಬೇಕು."

"ಒಂದು ಎಳನೀರು ಕೊಡ್ಲೇನ್ಲಾ ಅದಕ್ಕೆ?"

ಅಣ್ಣ ನಕ್ಕಾಗ ಮೇಲಿಂದ ಧೂಳು ಉದುರಿತು. ಅವನು ನಗು ನಿಲ್ಲಿಸಿದ.

ಅತ್ತಿಗೆ ಒಳಗಿನಿಂದ ಅಪ್ಪನ ಕಾಲದ ಡ್ರಿಲ್ಲು ತಂದು ಕೊಟ್ಟರು. ಲೋಹದ ಮೈ, ಕುಂಬಳಕಾಯಿ ತೂಕ. ಎರಡು ಸಲ ಮೋಟಾರಿನ ಕಾರ್ಬನ್ ಬ್ರಷ್ ಬದಲಿಸಿದ್ದು ಬಿಟ್ಟರೆ ಆಸ್ಪತ್ರೆ ಕಂಡದ್ದಲ್ಲ. ಈಗಿನ ಮಾಲು ಬಾಳಿಕೆ ಬರುವುದಿಲ್ಲವೆಂದು ಊರಿಗೆಲ್ಲ ಭಾಷಣ ಮಾಡುವ ನಾನು ಅದನ್ನು ಮುಟ್ಟುತ್ತಿರಲಿಲ್ಲ, ಭಯಕ್ಕೆ. ಹೊಸದು ಸುಸ್ತಾದರೆ ತಾನೇ ನಿಲ್ಲುತ್ತದೆ. ಹಳೆಯದಕ್ಕೆ ನಿಲ್ಲುವುದೇ ಗೊತ್ತಿಲ್ಲ.

ಮೂರನೆಯದನ್ನು ಬೆಣ್ಣೆಯಂತೆ ಕೊರೆಯಿತು. ನಾಲ್ಕನೆಯದರಲ್ಲಿ ಮರದ ಗಂಟು ಸಿಕ್ಕಿ ಡ್ರಿಲ್ಲಿನ ಮೊನೆ ಕಚ್ಚಿಕೊಂಡಿತು. ಮೊನೆ ನಿಂತಿತು, ಮೆಷಿನ್ನು ತಿರುಗಿತು, ಅದರ ಜೊತೆ ನನ್ನ ಬಲ ಮಣಿಕಟ್ಟು. ಮೊಣಕೈ ಕಂಬಕ್ಕೆ ಬಡಿದು ಕಂಬ ಜಾರಿತು. ತೊಲೆ ಲಟಕ್ಕೆಂದಿತು.

"ಈಚೆ ಬಾ ಅಣ್ಣಾ! ಹೋದ್ರೆ ಕಾಯಿ ತಾನೆ!"

ಅವನು ಬರಲಿಲ್ಲ. ಕಂಬಕ್ಕೆ ಭುಜ ಕೊಟ್ಟು, "ಬಿಗಿಯಲಾ ಮೊದ್ಲು!" ಎಂದು ಕೂಗಿದ. ಎಡಗೈಯಲ್ಲಿ ಸ್ಪ್ಯಾನರ್ ಹಿಡಿದು ಬಿಗಿದೆ. ಒಂದು, ಎರಡು. ಮೂರನೆಯ ಬೋಲ್ಟು ತೂತು ಸಿಗದೆ ಸತಾಯಿಸಿತು, ಕೊನೆಗೆ ಹೊಕ್ಕಿತು, ಅದನ್ನೂ ಬಿಗಿದೆ.

ತೊಲೆ ನಿಂತಿತು. ಅಣ್ಣ ಈಚೆ ಬಂದು, ಭುಜ ತಿಕ್ಕಿಕೊಳ್ಳುತ್ತಾ ಮೇಲೆ ನೋಡಿದ. ಆಮೇಲೆ ಅತ್ತಿಗೆಗೆ ಹೇಳಿದ:

"ಕುಕ್ಕೆ ತತ್ತಾರೇ. ಕಾಯಿ ಒಂದೊಂದಾಗಿ ತುಂಬಿ ಇಳ್ಸಾಣ."

ನಾನು ಬಾಯಿ ತೆರೆದೆ.

"ನೀನು ಸುಮ್ನಿರಪ್ಪ," ಎಂದ.