ನಮ್ಮ ಕಬ್ಬಿನೊಳಗೆ ಇಳಿದ ವಿಮಾನ

ಆಲಮಟ್ಟಿಯ ಹಿನ್ನೀರು ಬೀಳಗಿ ಕಡೆಯ ಹೊಲಗಳಿಗೆ ಹೊಸದಾಗಿ ಏರಿ ನಿಂತಿದ್ದ ಕಾಲ ಅದು. ನಾನು ಮಹಾಲಿಂಗಪುರದ ಹೈಸ್ಕೂಲೊಂದರಲ್ಲಿ ಹಿಂದಿ ಕಲಿಸುತ್ತಿದ್ದೆ. ನಮ್ಮ ಮನೆ ಮಾತ್ರ ಊರಾಚೆ, ಹೊಲದಲ್ಲೇ. ಒಂದು ರವಿವಾರ ಬೆಳಿಗ್ಗೆ ಹಿತ್ತಲಲ್ಲಿ ತಲೆ ಒಣಗಿಸುತ್ತ ಕೂತಿದ್ದಾಗ ಕಬ್ಬಿನ ಕಡೆಯಿಂದ ಅತ್ತೆಯ ಕೂಗು ಕೇಳಿಸಿತು. ಅವರು ಎಮ್ಮೆಗೆ ಹುಲ್ಲು ಕೊಯ್ಯಲು ಹೋಗಿದ್ದರು. ಹಾವು ಕಂಡಿರಬೇಕೆಂದು ನಾನೂ ನನ್ನ ಗಂಡನೂ ಕೋಲು ಹಿಡಿದು ಓಡಿದೆವು.

ಎದೆಯೆತ್ತರದ ಕಬ್ಬಿನ ನಡುವೆ ಹಳದಿ ಬಟ್ಟೆಯ ದೊಡ್ಡ ರೆಕ್ಕೆಯೊಂದು ಓರೆಯಾಗಿ ಬಿದ್ದಿತ್ತು. ಅದರಡಿ ಮೂರು ಗಾಲಿಯ ಪುಟ್ಟ ಬಂಡಿಯಂಥದ್ದು, ಬೆನ್ನಿಗೊಂದು ಎಂಜಿನ್ನು, ಮುಂದಿನ ಸೀಟಿನಲ್ಲಿ ಬೆಲ್ಟಿಗೆ ಜೋತುಬಿದ್ದ ಹೆಲ್ಮೆಟ್ಟಿನ ಮನುಷ್ಯ. ಮೈಕ್ರೋಲೈಟ್ ಎಂಬ ವಿಮಾನದ ಹೆಸರನ್ನು ನಾವು ಕೇಳಿದ್ದೇ ಆಮೇಲೆ. ಅತ್ತೆ ಕುಡುಗೋಲಿನಿಂದ ಕಬ್ಬು ಕಡಿದು ದಾರಿ ಮಾಡಿಕೊಂಡು ಅವನ ಹತ್ತಿರ ಹೋಗಿದ್ದರು. ಪೆಟ್ರೋಲಿನ ವಾಸನೆ ಬರುತ್ತಿತ್ತು. ಬೀಡಿ ಸೇದುತ್ತ ಓಡಿಬಂದ ಪಕ್ಕದ ಹೊಲದವನನ್ನು ಅವರು ಗದರಿಸಿ ದೂರ ನಿಲ್ಲಿಸಿದರು. ಪೈಲಟ್ ಕಣ್ಣು ಬಿಟ್ಟು, ಇದು ಯಾವ ಊರು ಎಂದು ಹಿಂದಿಯಲ್ಲಿ ಕೇಳಿದ. ಹಿಂದಿ ಬಾರದ ಅತ್ತೆ, ನಾಷ್ಟಾ ಆಗಿದೆಯೋ ಇಲ್ಲವೋ ಎಂದು ಅವನನ್ನೇ ಕೇಳಿದರು.

ನಾವು ಬೆಲ್ಟು ಬಿಚ್ಚಿ, ಅವನನ್ನು ಹೊರಸಿನ ಮೇಲೆ ಮಲಗಿಸಿ, ಟ್ರ್ಯಾಕ್ಟರಿನಲ್ಲಿ ಮಹಾಲಿಂಗಪುರದ ದವಾಖಾನೆಗೆ ಒಯ್ದೆವು. ಕಾಲಿನ ಎಲುಬು ಮುರಿದಿತ್ತು, ಭುಜ ಜಾರಿತ್ತು, ಜೀವಕ್ಕೇನೂ ಅಪಾಯವಿರಲಿಲ್ಲ. ಅವನು ಸೈನ್ಯದಿಂದ ನಿವೃತ್ತನಾದವನು. ಜಮಖಂಡಿಯ ಹತ್ತಿರದ ಬಯಲಿನಿಂದ ಹಾರಿ, ಅನಗವಾಡಿ ಕಡೆಯ ಹಿನ್ನೀರು ನೋಡಿ, ಘಟಪ್ರಭೆಯ ಗುಂಟ ಇತ್ತ ಬಂದಿದ್ದನಂತೆ.

ಮರುದಿನದಿಂದ ನಮ್ಮ ಹೊಲಕ್ಕೆ ಮುಧೋಳ, ರಬಕವಿ, ಬನಹಟ್ಟಿಗಳಿಂದಲೂ ಜನ ಬರತೊಡಗಿದರು. ಪೊಲೀಸರು ಹಗ್ಗ ಕಟ್ಟಿದರು. ಹಗ್ಗದಾಚೆ ಒಬ್ಬ ಚುರುಮುರಿ ಮಾರಲು ಕೂತ. ಹದ್ದು ಬಡಿದು ಬಿತ್ತೆಂದು ಕೆಲವರು, ಕರೆಂಟಿನ ತಂತಿ ತಗುಲಿತೆಂದು ಕೆಲವರು. ಸಮೀರವಾಡಿಯ ಬಸ್ಸಿನಲ್ಲಿದ್ದವನೊಬ್ಬ, ಆಕಾಶದಲ್ಲೇ ಹೊಗೆ ಕಂಡೆನೆಂದು ಆಣೆ ಮಾಡಿದ. ಈ ಸಡಗರದಲ್ಲಿ ಅತ್ತೆ ಮಾತ್ರ ಮಂಕಾಗಿದ್ದರು. ರೊಟ್ಟಿ ಮುರಿದು ಹಾಗೇ ಇಡುತ್ತಿದ್ದರು. ದಿನವೂ ಮಗನನ್ನು ದವಾಖಾನೆಗೆ ಅಟ್ಟಿ ಪೈಲಟ್‌ನ ಕಾಲು ಹೇಗಿದೆ ಎಂದು ತಿಳಿದುಕೊಳ್ಳುತ್ತಿದ್ದರು. ಪೊಲೀಸರ ಹೆದರಿಕೆಯಿರಬೇಕು ಎಂದುಕೊಂಡೆವು.

ತನಿಖೆಗೆ ದಿಲ್ಲಿಯಿಂದ ಒಬ್ಬ ಅಧಿಕಾರಿ ಬಂದ. ಸಪೂರ ಮೈಯ, ತಾಳ್ಮೆಯ ಮನುಷ್ಯ. ಎಂಜಿನ್ನನ್ನು ನಮ್ಮ ಅಂಗಳದಲ್ಲೇ ಬಿಚ್ಚಿಸಿ ನೋಡಿದ. ಆಮೇಲೆ ಬೇವಿನ ನೆರಳಲ್ಲಿ ಕೂತು ಕಂಡವರನ್ನೆಲ್ಲ ವಿಚಾರಿಸಿದ. ಭಾಷೆಯ ತೊಡಕಿಗೆ ಪೊಲೀಸರು ನನ್ನನ್ನು ಪಕ್ಕದಲ್ಲಿ ಕೂರಿಸಿದರು. ಹದ್ದು, ತಂತಿ, ಹೊಗೆ ಎಲ್ಲವನ್ನೂ ನಾನು ಹಿಂದಿಗೆ ಇಳಿಸಿದೆ. ಅವನು ಯಾರನ್ನೂ ನೋಡಿ ನಗಲಿಲ್ಲ. ಕೊನೆಗೆ ಅತ್ತೆಯ ಸರದಿ ಬಂತು. ಅವರು ಸೆರಗು ಸರಿಮಾಡಿಕೊಂಡು, ಅವನನ್ನಲ್ಲ, ನನ್ನನ್ನು ನೋಡಿ ಹೇಳಿದರು:

"ಅದನ್ನ ಬೀಳಿಸಿದಾಕಿ ನಾನ ನೋಡವಾ. ಮ್ಯಾಲಿಂದ ಬರಾಕತ್ತಿತ್ತು. ನಾ ಸೆರಗ ಬೀಸಿ ಕರದ್ನಿ. ಕರದದ್ದಕ್ಕ ಅಂವ ಕೆಳಗ ಬಂದ, ಪಾಪ, ಕಾಲ ಮುರಕೊಂಡ."

ನಡುವಯಸ್ಸು ದಾಟಿದ ಹೆಂಗಸು ಈ ಮಾತನ್ನು ಇಷ್ಟು ದಿನ ಒಬ್ಬಳೇ ಹೊತ್ತು ತಿರುಗಿದ್ದಳು. ಹೇಳಲೋ ಬಿಡಲೋ ಎಂದು ನಾನು ತಡವರಿಸುವುದನ್ನು ಕಂಡು, ಎಲ್ಲ ಹೇಳೆಂದು ಅತ್ತೆಯೇ ಕಣ್ಣಲ್ಲಿ ಸೂಚಿಸಿದರು. ಹೇಳಿಬಿಟ್ಟೆ.

ಅಧಿಕಾರಿ ಎದ್ದ. ಅವರು ನಿಂತಿದ್ದ ಜಾಗ ತೋರಿಸಬೇಕೆಂದ. ಮೂವರೂ ಬದುವಿಗೆ ಹೋದೆವು. ಸೆರಗು ಬೀಸಿದಾಗ ಎಂಜಿನ್ನಿನ ಸಪ್ಪಳ ಕೇಳುತ್ತಿತ್ತೇ ಎಂದು ಅವನು ಕೇಳಿದ. ಅತ್ತೆ ಯೋಚಿಸಿದರು.

"ಇಲ್ರಿ. ಅದು ಗುರ್ ಅನ್ನಾಕತ್ತಾಗ ನಾ ಹುಲ್ಲ ಕೊಯ್ಯಾಕತ್ತಿದ್ದೆ. ಒಮ್ಮಿಂದೊಮ್ಮೆ ಸಪ್ಪಳ ನಿಂತಿತು. ಯಾಕ ನಿಂತಿತಪಾ ಅಂತ ಆಮ್ಯಾಲ ತಲಿ ಎತ್ತಿ ನೋಡಿದ್ನಿ."

ಅವನ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಎಂಜಿನ್ನು ಮೇಲೇ ನಿಂತಿದ್ದರೆ ಅದು ಎಲ್ಲಾದರೂ ಇಳಿಯಲೇಬೇಕಿತ್ತು, ಸೆರಗು ಬೀಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ಎಂದು ನಿಧಾನವಾಗಿ ವಿವರಿಸಿದ. ಆಮೇಲೆ ಪೈಲಟ್ ಹೇಳಿದ್ದನ್ನೂ ತಿಳಿಸಿದ. ಅವನ ಎದುರಿಗೆ ಬರೀ ಕಲ್ಲು ತುಂಬಿದ ಬರಡು ದಿಬ್ಬ, ಮಡ್ಡಿಯಿತ್ತಂತೆ. ಎಡಕ್ಕೆ ಕಬ್ಬು, ಅದರ ಬದುವಿನಲ್ಲಿ ಕೈ ಬೀಸುವ ಹೆಂಗಸು. ಬಿದ್ದರೂ ಎತ್ತುವವರು ಇದ್ದಾರೆಂದು ಅವನು ಆ ಕಡೆ ಹೊರಳಿಸಿದನಂತೆ. ಇದನ್ನೂ ನಾನು ಕನ್ನಡಕ್ಕೆ ತಂದು ಹೇಳಿದೆ. ಅತ್ತೆ ಮಡ್ಡಿಯನ್ನೊಮ್ಮೆ, ಕಬ್ಬನ್ನೊಮ್ಮೆ ನೋಡಿದರು.

"ಹಂಗಾರ ಕರದದ್ದು ಛಲೋನ ಆತು ಬಿಡ್ರಿ," ಎಂದರು.

ಆವತ್ತು ಅವರು ಹೊಟ್ಟೆ ತುಂಬ ಉಂಡರು. ಅಧಿಕಾರಿಗೂ ಉಣಿಸಿಯೇ ಕಳಿಸಿದರು. ಊಟದ ಕೊನೆಗೆ ಅವನೇ ಚಟ್ನಿಯ ಹೆಸರು ಕೇಳಿ, ಅಗಸಿಯದೆಂದು ತಿಳಿದುಕೊಂಡು, ಮತ್ತಷ್ಟು ಹಾಕಿಸಿಕೊಂಡ.

ತನಿಖೆಯ ಫಲವನ್ನು ನಮಗೆ ತಿಳಿಸಿದವನು ಪೈಲಟ್ಟೇ. ಕಾಲು ವಾಸಿಯಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದ. ಪೆಟ್ರೋಲಿನಲ್ಲಿ ನೀರು ಸೇರಿತ್ತಂತೆ. ಹಾರುವ ಮೊದಲು ಸೋಸಿ ನೋಡದಿದ್ದುದು ತನ್ನದೇ ತಪ್ಪೆಂದು ಮುಚ್ಚುಮರೆಯಿಲ್ಲದೆ ಹೇಳಿದ. ಅವನ ಹೆಂಡತಿ ಅತ್ತೆಯ ಕೈ ಹಿಡಿದು ಬಹಳ ಹೊತ್ತು ಕೂತಳು.

ಬಿದ್ದ ಜಾಗವನ್ನು ನೋಡಬೇಕೆಂದು ಅವನಿಗೆ ಆಸೆ. ಅಷ್ಟರಲ್ಲಿ ಕಬ್ಬು ಕಡಿದು, ಕೂಳೆ ಮತ್ತೆ ಚಿಗುರಿ, ಹೊಲವೆಲ್ಲ ಒಂದೇ ಹಸಿರಾಗಿತ್ತು. ಇಲ್ಲೇ ಎಂದು ಅತ್ತೆ ಒಂದು ಕಡೆ ತೋರಿಸಿದರು, ಅಲ್ಲ ಅಲ್ಲಿ ಎಂದು ನನ್ನ ಗಂಡ. ಪೈಲಟ್ ಎರಡೂ ಕಡೆ ಹೋಗಿ ನಿಂತು, ಎರಡು ಕಡೆಯೂ ಹೆಂಡತಿಯಿಂದ ಫೋಟೋ ತೆಗೆಸಿಕೊಂಡ.