ಉಳಿಸದೆ ಹೊರಟರೆ

ಅಮೆರಿಕದ ಮಾರಿಸ್‌ವಿಲ್‌ನ ನಮ್ಮ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವ ಮೇಡಂ ಒಬ್ಬರಿದ್ದರು. ಆಸ್ಪತ್ರೆಯ ಆನ್‌ಲೈನ್ ಫಾರ್ಮ್ ಪರೀಕ್ಷಿಸುವಾಗ ನಾವೆಲ್ಲ ಕೈಗೆ ಸಿಕ್ಕ ಅಕ್ಷರ ಒತ್ತುತ್ತಿದ್ದೆವು. ಅವರು ಮಾತ್ರ ನಿಜವಾದ ರೋಗಿಯಂತೆ ಒಂದೊಂದು ನೋವನ್ನೂ ಬರೆಯುತ್ತಿದ್ದರು. “ಬರ್ದಿದ್ದು ಹೇಳ್ದೆ ಕೇಳ್ದೆ ಅಳಿಸಿ ಹೋಗ್ಬಾರ್ದು,” ಎನ್ನುತ್ತಲೇ ಇರುತ್ತಿದ್ದರು.

ತುಂಬಿದ್ದನ್ನು ಸೇವ್ ಮಾಡಿ ಉಳಿಸದೆ ಪುಟ ಬಿಟ್ಟು ಹೊರಟವರನ್ನು ಎಚ್ಚರಿಸುವ ಸಂದೇಶವೇ ಆ ಫಾರ್ಮಿನಲ್ಲಿರಲಿಲ್ಲ. “ಅದು ನೆಕ್ಸ್ಟ್ ರಿಲೀಸ್‌ಗೆ ಇರ್ಲಿ, ಇವತ್ತು ಎಲ್ಲಾ ಸರಿಯಿದೆ ಅಂತ ಸೈನ್ ಆಫ್ ಮಾಡಿ,” ಎಂದರು ಮ್ಯಾನೇಜರ್. ಮೇಡಂ ಅವರ ವೀಸಾ ಕಾಗದ ಅದೇ ಮ್ಯಾನೇಜರ್ ಸಹಿಗೆ ಕಾಯುತ್ತಿತ್ತು. ನಾವಾಗಿದ್ದರೆ ಒಪ್ಪಿಬಿಡುತ್ತಿದ್ದೆವು.

ಅವರು ಲ್ಯಾಪ್‌ಟಾಪನ್ನು ಮ್ಯಾನೇಜರ್ ಕಡೆ ತಿರುಗಿಸಿದರು. “ನೀವೇ ಫಿಲ್ ಮಾಡಿ ಸರ್.”

ನಾಲ್ಕನೇ ಪುಟದಲ್ಲಿ ಮ್ಯಾನೇಜರ್ ಏನನ್ನೋ ನೋಡಲು ಹಿಂದಿನ ಪುಟಕ್ಕೆ ಹೋದರು. ಯಾವ ಎಚ್ಚರಿಕೆಯೂ ಇಲ್ಲದೆ ತುಂಬಿದ್ದೆಲ್ಲ ಮಾಯವಾಯಿತು.

ಮೇಡಂ ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. “ಜ್ವರ ಇರೋವ್ರು ತುಂಬೋ ಫಾರ್ಮ್ ಇದು. ಮೊದ್ಲಿಂದ ಶುರು ಮಾಡಿ ಸರ್, ನಾನು ಕಾಯ್ತೀನಿ.”